ಹಳೇ ಪಿಕಪ್ಪಿಗೆ ರಿವರ್ಸ್ ಕ್ಯಾಮೆರಾ: ಎಲ್ಲಾ ಇರುವುದು ಕರೆಂಟು ವಾಪಸ್ ಹೋಗುವ ದಾರಿಯಲ್ಲಿ

ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಹಳೇ ಟಾಟಾ 207 ಪಿಕಪ್ ಇದೆ. ಅದನ್ನು ಹಿಂದಕ್ಕೆ ತೆಗೆಯುವಾಗೆಲ್ಲ ತೋಟದಲ್ಲಿ ಕೆಲಸ ಮಾಡುವ ಹುಡುಗ ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಅಂತ ಕೂಗಬೇಕು. ಹೋದ ಮಳೆಗಾಲದಲ್ಲಿ ಒಂದು ದಿನ ಆ ಹುಡುಗ ಇರಲಿಲ್ಲ. ದನಕ್ಕೆ ನೀರಿಡುವ ಸಿಮೆಂಟ್ ತೊಟ್ಟಿಯ ಒಂದು ಮೂಲೆ ಹೋಯಿತು, ಗಾಡಿಯ ಬಂಪರ್ ಬಾಗಿತು. ತೊಟ್ಟಿ ಹೋದರೆ ಇನ್ನೊಂದು ಕಟ್ಟಿಸಬಹುದು. ಆದರೆ ಅದೇ ಜಾಗದಲ್ಲಿ ಬೆಳಿಗ್ಗೆ ಮನೆಯ ಮಕ್ಕಳು ಆಡುತ್ತಿದ್ದರು. ಅವತ್ತಿನಿಂದ ಮನೆಯಲ್ಲಿ ಒಂದೇ ಪ್ರಶ್ನೆ: ಇಷ್ಟು ಹಳೇ ಗಾಡಿಗೆ ಕ್ಯಾಮೆರಾ ಕೂರುತ್ತದಾ?

ಕೂರುತ್ತದೆ. ಹೊಸ ಕಾರಿಗಿಂತ ಸುಲಭವಾಗಿಯೇ ಕೂರುತ್ತದೆ. ಹೊಸ ಕಾರುಗಳಲ್ಲಿ ಒಂದೊಂದು ಬಲ್ಬಿನ ಮೇಲೂ ಕಂಪ್ಯೂಟರ್ ಕಣ್ಣಿಟ್ಟಿರುತ್ತದೆ. ಎಲ್ಲಾದರೂ ಒಂದು ವೈರ್ ಕೆಣಕಿದರೆ ಡ್ಯಾಶ್‌ಬೋರ್ಡಲ್ಲಿ ವಾರ್ನಿಂಗ್ ಬರುತ್ತದೆ. ಹಳೇ ಪಿಕಪ್ಪಿನಲ್ಲಿ ಅಂಥದ್ದೇನೂ ಇಲ್ಲ. ಬ್ಯಾಟರಿ, ಫ್ಯೂಸ್, ಸ್ವಿಚ್, ಬಲ್ಬ್, ಅಷ್ಟೇ. ಆದರೆ ಹಳೇ ಗಾಡಿಗೆ ಅದರದ್ದೇ ತಕರಾರುಗಳಿವೆ: ತುಕ್ಕು, ಒಣಗಿ ಬಿರಿದ ವೈರು, ಸಡಿಲವಾದ ನಟ್ಟು. ಈ ಕೆಲಸ ಯಾಕೆ, ಹೇಗೆ ಅನ್ನುವುದನ್ನು ಬುಡದಿಂದ ನೋಡೋಣ.

ಹಿಂದೆ ಎಷ್ಟು ಕಾಣುವುದಿಲ್ಲ?

ಒಂದು ಅಂದಾಜು ಲೆಕ್ಕ ಹಾಕೋಣ. ಡ್ರೈವರ್ ಸೀಟಲ್ಲಿ ಕೂತವರ ಕಣ್ಣು ನೆಲದಿಂದ 1.7 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಹಿಂದಿನ ಡೋರ್, ಅಂದರೆ ಲೋಡ್ ಇಳಿಸಲು ತೆಗೆಯುವ ಹಲಗೆ, ಕಣ್ಣಿನಿಂದ ಮೂರೂವರೆ ಮೀಟರ್ ಹಿಂದಿದೆ. ಅದರ ಮೇಲಂಚು 1.2 ಮೀಟರ್ ಎತ್ತರ. ಕಣ್ಣಿನಿಂದ ಆ ಅಂಚಿನ ಮೇಲೆ ಒಂದು ದಾರ ಎಳೆದು ಹಾಗೇ ಮುಂದುವರಿಸಿದರೆ, ಅದು ನೆಲಕ್ಕೆ ತಾಗುವುದು ಡೋರಿನಿಂದ ಸುಮಾರು ಎಂಟು ಮೀಟರ್ ಆಚೆ. ಅಂದರೆ ಆ ಎಂಟು ಮೀಟರ್ ನೆಲ ಡ್ರೈವರಿಗೆ ಕಾಣುವುದೇ ಇಲ್ಲ. 90 ಸೆಂಟಿಮೀಟರ್ ಎತ್ತರದ ಮಗು ಡೋರಿನಿಂದ ಎರಡು ಮೀಟರ್ ಒಳಗೆ ನಿಂತಿದ್ದರೆ ತಲೆಯ ಕೂದಲೂ ಕಾಣುವುದಿಲ್ಲ.

ಇದು ಖಾಲಿ ಗಾಡಿಯ ಲೆಕ್ಕ. ಹುಲ್ಲೋ ಗೊಬ್ಬರದ ಚೀಲವೋ ತುಂಬಿದರೆ ಒಳಗಿನ ಕನ್ನಡಿ ಇದ್ದೂ ಇಲ್ಲದಂತೆ. ಪಕ್ಕದ ಕನ್ನಡಿಗಳು ಗಾಡಿಯ ಎರಡು ಬದಿ ತೋರಿಸುತ್ತವೆ, ನಟ್ಟನಡುವಿನ ಹಿಂಭಾಗವನ್ನಲ್ಲ.

ಅಮೆರಿಕದಲ್ಲಿ ಪಿಕಪ್ಪುಗಳು ಮನೆಮನೆಯ ಗಾಡಿ. ಅಲ್ಲಿ ಹೀಗೆ ಹಿಂದಕ್ಕೆ ಬಂದ ವಾಹನಗಳಿಂದ ವರ್ಷಕ್ಕೆ ಸರಾಸರಿ 210 ಸಾವು, 15,000 ಗಾಯ ಆಗುತ್ತಿವೆ ಅಂತ ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ಹಿಂದೆ ಅಂದಾಜು ಮಾಡಿತ್ತು. ಸತ್ತವರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಐದು ವರ್ಷದೊಳಗಿನ ಮಕ್ಕಳು. ಹಾಗಾಗಿ 2018ರ ಮೇ 1ರಿಂದ ಅಲ್ಲಿ ಮಾರಲು ತಯಾರಾಗುವ ಎಲ್ಲ ಸಣ್ಣ ವಾಹನಗಳಿಗೆ, ಪಿಕಪ್ಪೂ ಸೇರಿ, ಹಿಂದಿನ ಕ್ಯಾಮೆರಾ ಕಡ್ಡಾಯವಾಯಿತು. ನಮ್ಮಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಕಡ್ಡಾಯವಾದದ್ದು ಬೀಪ್ ಅನ್ನುವ ಸೆನ್ಸಾರ್, ಕ್ಯಾಮೆರಾ ಅಲ್ಲ. ಸೆನ್ಸಾರ್ ಕೆಲಸ ಮಾಡುವುದು ಬೆಟ್ಟದ ಎದುರು ನಿಂತು ಕೂಗಿದ ಹಾಗೆ: ಶಬ್ದ ಹೋಗಿ ತಾಗಿ ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ನೋಡಿ ದೂರ ಹೇಳುತ್ತದೆ. ಏನೋ ಇದೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಹಳೇ ಗಾಡಿಗಳಿಗೆ ಈ ಎರಡು ನಿಯಮವೂ ಅನ್ವಯಿಸುವುದಿಲ್ಲ. ಹಾಕಿಸಿಕೊಳ್ಳುವುದು ನಮ್ಮ ಇಷ್ಟ.

ಕ್ಯಾಮೆರಾಗೆ ಬೇಕಾದ್ದು ಮೂರೇ

ಕರೆಂಟು ಬರಲು ಒಂದು ದಾರಿ. ವಾಪಸ್ ಹೋಗಲು ಒಂದು ದಾರಿ. ಚಿತ್ರ ಮುಂದಕ್ಕೆ ಹೋಗಲು ಒಂದು ವೈರ್. ಇಷ್ಟು ಸಿಕ್ಕರೆ ಕ್ಯಾಮೆರಾ ಕೆಲಸ ಮಾಡುತ್ತದೆ.

ಕ್ಯಾಮೆರಾ ಅಂದರೆ ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡ ಲೆನ್ಸ್, ಅದರ ಹಿಂದೆ ಒಂದು ಚಿಪ್. ಒಂದೆರಡು ವ್ಯಾಟ್ ಇದ್ದರೆ ಅದಕ್ಕೆ ಸಾಕು. ರಿವರ್ಸ್ ಲೈಟಿನ ಒಂದು ಬಲ್ಬೇ 21 ವ್ಯಾಟ್ ತಿನ್ನುತ್ತದೆ. ಹಾಗಾಗಿ ಬ್ಯಾಟರಿಗೆ ಇದು ಭಾರವೇ ಅಲ್ಲ. ಪೆಟ್ಟಿಗೆ ಬಿಚ್ಚಿದಾಗ ಸಿಗುವುದು ಕ್ಯಾಮೆರಾ, ಸ್ಕ್ರೀನ್, ಹಳದಿ ಮೂತಿಯ ಉದ್ದದ ವಿಡಿಯೋ ಕೇಬಲ್. ಹಳೇ ಡಿವಿಡಿ ಪ್ಲೇಯರನ್ನು ಟಿವಿಗೆ ಸಿಕ್ಕಿಸುತ್ತಿದ್ದೆವಲ್ಲ, ಅದೇ ಹಳದಿ ಪಿನ್ನು.

ಕೊಳ್ಳುವಾಗ ನಾನು ನೋಡುವ ಸಂಗತಿ ಎರಡೇ. ಒಂದು, ಎಷ್ಟು ಅಗಲ ಕಾಣುತ್ತದೆ. 120 ಡಿಗ್ರಿಯಿಂದ 170 ಡಿಗ್ರಿವರೆಗೆ ಸಿಗುತ್ತವೆ. ಜಾಸ್ತಿ ಇದ್ದಷ್ಟು ಒಳ್ಳೆಯದು ಅನ್ನಿಸುತ್ತದೆ, ಆದರೆ ತೀರಾ ಅಗಲದ ಲೆನ್ಸಲ್ಲಿ ಎಲ್ಲವೂ ಇರುವುದಕ್ಕಿಂತ ದೂರ ಕಾಣುತ್ತದೆ, ಅಂಚಿನಲ್ಲಿ ಕಂಬಗಳು ಬಾಗುತ್ತವೆ. ಎರಡು, ನೀರು ತಡೆಯುವ ಶಕ್ತಿ. ಡಬ್ಬದ ಮೇಲೆ ಐಪಿ67 ಅಂತ ಬರೆದಿದ್ದರೆ ಮೊದಲಿನ 6 ಧೂಳು ಒಳಗೆ ಹೋಗುವುದಿಲ್ಲ ಅನ್ನುವುದಕ್ಕೆ. ಮುಂದಿನ 7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿದರೂ ತೊಂದರೆ ಇಲ್ಲ. ಸರ್ವೀಸ್ ಸ್ಟೇಷನ್ನಿನ ಜೋರು ಪೈಪಿನ ನೀರು ತಡೆಯುವುದು ಬೇರೆಯೇ ಪರೀಕ್ಷೆ. ಅದಕ್ಕೆ ಐಪಿ69ಕೆ ಅನ್ನುತ್ತಾರೆ. ಬರೀ ಐಪಿ67 ಇರುವ ಕ್ಯಾಮೆರಾಗೆ ಹತ್ತಿರದಿಂದ ಪೈಪು ಹಿಡಿಯಬೇಡಿ.

ಮೊದಲು ಗೇರ್ ಹಾಕಿ, ಹಿಂದೆ ಹೋಗಿ ನೋಡಿ

ಗೇರ್‌ಬಾಕ್ಸಿನ ಮೇಲೆ ಒಂದು ಸಣ್ಣ ಸ್ವಿಚ್ ಇರುತ್ತದೆ. ರಿವರ್ಸ್ ಗೇರ್ ಬಿದ್ದಾಗ ಅದು ಒತ್ತಿಕೊಂಡು ಹಿಂದಿನ ಬಿಳಿ ಲೈಟಿಗೆ ಕರೆಂಟು ಬಿಡುತ್ತದೆ. ನಮ್ಮ ಕ್ಯಾಮೆರಾ ಎಚ್ಚರಾಗಬೇಕಾದ್ದೂ ಆಗಲೇ. ಆದ್ದರಿಂದ ಅದಕ್ಕೆ ಕರೆಂಟು ತೆಗೆದುಕೊಳ್ಳುವ ಸಹಜ ಜಾಗ ಆ ಲೈಟಿನ ವೈರೇ.

ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ, ರಿವರ್ಸ್ ಹಾಕಿ, ಇಳಿದು ಹಿಂದೆ ಹೋಗಿ. ಲೈಟು ಉರಿದರೆ ಅರ್ಧ ಕೆಲಸ ಮುಗಿಯಿತು. ಉರಿಯದಿದ್ದರೆ ಬಲ್ಬ್, ಹೋಲ್ಡರಿನ ತುಕ್ಕು, ಗೇರ್‌ಬಾಕ್ಸ್ ಹತ್ತಿರ ಕಳಚಿದ ವೈರ್, ಕೊನೆಗೆ ಸ್ವಿಚ್, ಈ ಕ್ರಮದಲ್ಲಿ ನೋಡಿ. ತೀರಾ ಹಳೇ ಗಾಡಿಗಳಲ್ಲಿ ರಿವರ್ಸ್ ಲೈಟೇ ಇಲ್ಲದಿರಬಹುದು. ಆಗ ಡ್ಯಾಶ್‌ಬೋರ್ಡಿನ ಕೆಳಗೆ ಕೈಗೆ ಸಿಗುವ ಒಂದು ಸ್ವಿಚ್ ಹಾಕಿಕೊಂಡು ಕ್ಯಾಮೆರಾ, ಸ್ಕ್ರೀನ್ ಎರಡನ್ನೂ ಅದರಿಂದ ಆನ್ ಮಾಡಬಹುದು.

ವೋಲ್ಟ್ ಅಳೆಯುವ ಮೀಟರ್ ಇದ್ದರೆ ಲೈಟ್ ಉರಿಯುವಾಗಲೇ ಹೋಲ್ಡರಿನಲ್ಲಿ ವೋಲ್ಟ್ ನೋಡಿ. ಬ್ಯಾಟರಿಯಲ್ಲಿ 12.4 ಇದ್ದು ಇಲ್ಲಿ 10 ತೋರಿಸಿದರೆ ದಾರಿಯಲ್ಲೆಲ್ಲೋ ಎರಡಕ್ಕೂ ಹೆಚ್ಚು ವೋಲ್ಟ್ ಸೋರಿದೆ ಅಂತ ಅರ್ಥ. ಬಲ್ಬು ಮಂಕಾಗಿ ಉರಿಯುತ್ತದೆ, ಯಾರೂ ಗಮನಿಸುವುದಿಲ್ಲ. ಕ್ಯಾಮೆರಾ ಮಾತ್ರ ಮಿಣುಕುತ್ತದೆ. ಇದಕ್ಕೆ ಪರಿಹಾರ ರಿಲೇ. ಪಂಪ್‌ಸೆಟ್ಟಿನ ಸ್ಟಾರ್ಟರ್ ನೆನಪಿಸಿಕೊಳ್ಳಿ: ನಾವು ಒತ್ತುವ ಹಸಿರು ಬಟನ್ನಿನಲ್ಲಿ ಹರಿಯುವುದು ಸ್ವಲ್ಪವೇ ಕರೆಂಟು, ಅದು ಒಳಗಿನ ಕಾಯಿಲಿಗೆ ಜೀವ ಕೊಡುತ್ತದೆ. ಮೋಟರಿಗೆ ಹೋಗುವ ದೊಡ್ಡ ಕರೆಂಟಿಗೆ ಬೇರೆಯೇ ದಾರಿ. ರಿಲೇಯೂ ಹಾಗೇ. ಹಳೇ ವೈರ್ 'ರಿವರ್ಸ್ ಬಿತ್ತು' ಅಂತ ಸುದ್ದಿ ಮುಟ್ಟಿಸಿದರೆ ಸಾಕು, ಕ್ಯಾಮೆರಾದ ಕರೆಂಟು ಬ್ಯಾಟರಿಯಿಂದ ಹೊಸ ವೈರಲ್ಲಿ ಬರುತ್ತದೆ. ಆ ಹೊಸ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ 2 ಆಂಪಿಯರ್ ಫ್ಯೂಸ್ ಇರಲಿ. ಕ್ಯಾಮೆರಾ ಹತ್ತಿರ ಫ್ಯೂಸ್ ಹಾಕಿದರೆ, ನಡುವಿನ ಐದು ಮೀಟರ್ ವೈರ್ ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ಅದನ್ನು ಕಾಯುವವರು ಯಾರೂ ಇರುವುದಿಲ್ಲ.

ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಗಾಡಿಯ ಬಾಡಿಗೆ ತಾಗಿತೋ, ಕಿಡಿ ಹಾರುತ್ತದೆ. ನೆಗೆಟಿವ್ ಹೇಗೂ ಬಾಡಿಗೇ ಸೇರಿರುತ್ತದೆ, ತಾಗಿದರೂ ಏನೂ ಆಗುವುದಿಲ್ಲ.

ಇನ್ನೂ ಹಳೇ ಗಾಡಿ ಇಟ್ಟುಕೊಂಡವರಿಗೆ ಒಂದು ಮಾತು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪುಗಳು 6 ವೋಲ್ಟಿನವು. ಫೋರ್ಡ್ ಕಂಪನಿಯ ಪಿಕಪ್ಪುಗಳೂ 1955ರ ಮಾಡೆಲ್‌ವರೆಗೆ 6 ವೋಲ್ಟೇ, ಅದೂ ಬಾಡಿಗೆ ನೆಗೆಟಿವ್ ಬದಲು ಪಾಸಿಟಿವ್ ಸೇರಿಸಿದ್ದವು. 1956ರಲ್ಲಿ 12 ವೋಲ್ಟಿಗೆ, ನೆಗೆಟಿವ್ ಬಾಡಿಗೆ ಬದಲಾದವು. ಈಗಿನ ಕ್ಯಾಮೆರಾಗಳು 12 ವೋಲ್ಟ್ ಮತ್ತು ನೆಗೆಟಿವ್ ಬಾಡಿಗೆ ಸೇರಿರುವ ಗಾಡಿಗಳನ್ನು ನಂಬಿ ಮಾಡಿದವು. ಪಾಸಿಟಿವ್ ಬಾಡಿಗೆ ಸೇರಿದ ಹಳೇ ಗಾಡಿಗೆ ನೇರ ಸಿಕ್ಕಿಸಿದರೆ ಕ್ಯಾಮೆರಾ ಸುಡಬಹುದು. ಅಮೆರಿಕದಲ್ಲಿ ಹಳೇ ಫೋರ್ಡ್ ಕೊಂಡು ರಿಪೇರಿ ಮಾಡುತ್ತಾ ಕೂತಿರುವ ನಮ್ಮವರು ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಅಂತ ನೋಡದೆ ಒಂದು ವೈರನ್ನೂ ಮುಟ್ಟಬೇಡಿ.

ಬ್ರೇಕ್ ಒತ್ತಿದರೆ ಚಿತ್ರ ಮಾಯ: ಅರ್ತ್ ಅನ್ನುವ ತಲೆನೋವು

ಚಿಕ್ಕಪ್ಪನ ಗಾಡಿಗೆ ಪೇಟೆಯ ಒಬ್ಬ ಎಲೆಕ್ಟ್ರಿಷಿಯನ್ ಕ್ಯಾಮೆರಾ ಹಾಕಿಕೊಟ್ಟರು. ಅಂಗಡಿ ಮುಂದೆ ಚಿತ್ರ ಚೆನ್ನಾಗಿಯೇ ಬಂತು. ಮನೆಗೆ ಬಂದು ರಿವರ್ಸ್ ತೆಗೆಯುವಾಗ ಮಾತ್ರ ವಿಚಿತ್ರ. ಬ್ರೇಕ್ ಮೇಲೆ ಕಾಲಿಟ್ಟ ಕೂಡಲೇ ಚಿತ್ರದಲ್ಲಿ ಗೆರೆ ಓಡುತ್ತದೆ, ಅಲುಗುತ್ತದೆ, ಕಪ್ಪಾಗುತ್ತದೆ. ಕಾಲು ತೆಗೆದರೆ ಸರಿಹೋಗುತ್ತದೆ. ಬ್ರೇಕ್ ಒತ್ತದೆ ಯಾರಾದರೂ ರಿವರ್ಸ್ ತೆಗೆಯುತ್ತಾರಾ?

ಕ್ಯಾಮೆರಾ ಕೆಟ್ಟಿರಲಿಲ್ಲ. ಕೆಟ್ಟಿದ್ದು ಅರ್ತ್.

ಮನೆಯಲ್ಲಿ ಅರ್ತ್ ಅಂದರೆ ನೆಲಕ್ಕೆ ಹೂತ ತಂತಿ. ಗಾಡಿಯಲ್ಲಿ ಹಾಗಲ್ಲ. ಇಲ್ಲಿ ಅರ್ತ್ ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಪ್ರತಿ ಬಲ್ಬಿಗೂ ಎರಡೆರಡು ವೈರ್ ಎಳೆಯುವ ಬದಲು, ಹೋಗಲು ಒಂದು ವೈರ್, ಬರಲು ಗಾಡಿಯ ಕಬ್ಬಿಣ ಅಂತ ಮಾಡಿರುತ್ತಾರೆ. ವೈರ್ ಉಳಿಯುತ್ತದೆ. ಆದರೆ ಆ ಕಬ್ಬಿಣಕ್ಕೆ ಮೂವತ್ತು ವರ್ಷ ಮಳೆ ಬಿದ್ದಿದ್ದರೆ?

ಪಿಕಪ್ಪಿನಲ್ಲಿ ಇನ್ನೊಂದು ತೊಡಕಿದೆ. ಹಿಂದಿನ ಲೋಡ್ ಬಾಡಿ ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ನೇರವಾಗಿ ಅಂಟಿಕೊಂಡಿರುವುದಿಲ್ಲ. ಎಷ್ಟೋ ಗಾಡಿಗಳಲ್ಲಿ ಅದು ಮರದ ಪಟ್ಟಿಯ ಮೇಲೋ ರಬ್ಬರ್ ಪ್ಯಾಡಿನ ಮೇಲೋ ಕೂತಿರುತ್ತದೆ. ಕರೆಂಟಿಗೆ ಇರುವ ಸೇತುವೆ ಅಂದರೆ ನಾಲ್ಕಾರು ಬೋಲ್ಟು. ಅವಕ್ಕೆ ತುಕ್ಕು ಹಿಡಿದರೆ ಸೇತುವೆ ಕಿರಿದಾಗುತ್ತದೆ. ರಿವರ್ಸ್ ಲೈಟೊಂದೇ ಉರಿಯುವಾಗ ಹೇಗೋ ನಡೆಯುತ್ತದೆ. ಬ್ರೇಕ್ ಲೈಟಿನ ಎರಡು 21 ವ್ಯಾಟ್ ಬಲ್ಬುಗಳ ಕರೆಂಟೂ ಅದೇ ದಾರಿಗೆ ಬಂದಾಗ ಜಾಮ್ ಆಗುತ್ತದೆ. ಕಾಲುವೆ ಕಟ್ಟಿಕೊಂಡರೆ ನೀರು ಪಕ್ಕದವರ ಗದ್ದೆಗೆ ನುಗ್ಗುವುದಿಲ್ಲವಾ, ಹಾಗೇ ಈ ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ. ಇಲ್ಲಿ ಸಿಕ್ಕ ದಾರಿ ನಮ್ಮ ವಿಡಿಯೋ ಕೇಬಲ್ಲಿನ ಹೊರಗಿನ ತೆಳು ಜಾಲರಿ. ಚಿತ್ರ ಹೋಗುವ ವೈರಲ್ಲಿ ಬ್ರೇಕ್ ಲೈಟಿನ ಕರೆಂಟು ನುಗ್ಗಿದರೆ ಗೆರೆ ಬರದೆ ಇನ್ನೇನು ಬರುತ್ತದೆ!

ಪತ್ತೆಹಚ್ಚುವುದು ಕಷ್ಟವಲ್ಲ. ಉದ್ದ ವೈರ್ ಒಂದನ್ನು ಬ್ಯಾಟರಿ ನೆಗೆಟಿವ್‌ಗೆ ಕಟ್ಟಿ ಮೀಟರಿನ ಕಪ್ಪು ಕಡ್ಡಿಗೆ ಸೇರಿಸಿ. ಕೆಂಪು ಕಡ್ಡಿಯನ್ನು ಕ್ಯಾಮೆರಾದ ಅರ್ತ್ ಬೋಲ್ಟಿನ ಮೇಲೆ ಇಡಿ. ಒಬ್ಬರು ಒಳಗೆ ಕೂತು ರಿವರ್ಸ್ ಹಾಕಿ ಬ್ರೇಕ್ ಒತ್ತಲಿ. 0.2 ವೋಲ್ಟ್ ಒಳಗಿದ್ದರೆ ಸರಿ. ನಮ್ಮ ಗಾಡಿಯಲ್ಲಿ ಎರಡರ ಹತ್ತಿರ ಬಂತು. ನೋಡಿದರೆ ಅರ್ತ್ ವೈರನ್ನು ಬಣ್ಣದ ಮೇಲೆಯೇ ಸ್ಕ್ರೂ ಹೊಡೆದು ಕೂರಿಸಿದ್ದರು. ಬಣ್ಣದಲ್ಲಿ ಕರೆಂಟು ಹರಿಯುವುದಿಲ್ಲ, ಸ್ಕ್ರೂವಿನ ಸುತ್ತುಗೆರೆಗಳು ಕಬ್ಬಿಣಕ್ಕೆ ತಾಗಿದಷ್ಟೇ ಅದಕ್ಕೆ ದಾರಿ.

ಮಾಡಿದ್ದು ಇಷ್ಟು. ಚಾಸಿಯ ಒಂದು ಖಾಲಿ ತೂತಿನ ಸುತ್ತ ಎಮರಿ ಪೇಪರಲ್ಲಿ ಬೆಳ್ಳಗೆ ಕಬ್ಬಿಣ ಕಾಣುವವರೆಗೆ ಉಜ್ಜಿದೆವು. ಹಲ್ಲಿರುವ ವಾಷರ್ ಹಾಕಿ ಬೋಲ್ಟ್ ಬಿಗಿದೆವು. ಕ್ಯಾಮೆರಾ ಮತ್ತು ಹಿಂದಿನ ಲೈಟುಗಳ ಅರ್ತನ್ನು ಅಲ್ಲಿಗೇ ತಂದೆವು. ಲೋಡ್ ಬಾಡಿಯಿಂದ ಚಾಸಿಗೆ ಒಂದು ದಪ್ಪ ವೈರ್ ಕಟ್ಟಿದೆವು. ಮೇಲೆ ಗ್ರೀಸ್ ಬಳಿದೆವು, ಮತ್ತೆ ತುಕ್ಕು ಹಿಡಿಯದಿರಲಿ ಅಂತ. ಮೀಟರ್ ಸೊನ್ನೆಯ ಹತ್ತಿರ ಇಳಿಯಿತು. ಜೊತೆಗೆ ಬ್ರೇಕ್ ಲೈಟೂ ಮೊದಲಿಗಿಂತ ಜೋರಾಗಿ ಉರಿಯಿತು. ಚಿಕ್ಕಪ್ಪನಿಗೆ ಕ್ಯಾಮೆರಾಗಿಂತ ಅದೇ ಜಾಸ್ತಿ ಖುಷಿ.

ಕ್ಯಾಬಿನ್ ಬೇರೆ, ಬಾಡಿ ಬೇರೆ

ಕಾರಿನಲ್ಲಿ ವೈರನ್ನು ಕಾರ್ಪೆಟ್ಟಿನ ಕೆಳಗೆ ಮುಂದಿನಿಂದ ಹಿಂದಿನವರೆಗೆ ಒಳಗೇ ಎಳೆಯಬಹುದು. ಪಿಕಪ್ಪಿನಲ್ಲಿ ಕ್ಯಾಬಿನ್ ದಾಟಿದರೆ ಬಯಲು. ವೈರ್ ಚಾಸಿಯ ಉದ್ದಪಟ್ಟಿಯ ಒಳಬದಿಯಲ್ಲಿ, ಕಲ್ಲು ಸಿಡಿಯದ ಕಡೆ ಹೋಗಬೇಕು. ಸೈಲೆನ್ಸರ್ ಇರುವ ಬದಿ ಬೇಡ, ಬಿಸಿಗೆ ಕರಗುತ್ತದೆ. ತಿರುಗುವ ಶಾಫ್ಟು, ಮೇಲೆ ಕೆಳಗೆ ಆಡುವ ಪ್ಲೇಟ್ ಸ್ಪ್ರಿಂಗು, ಇವುಗಳಿಂದ ದೂರ ಇರಲಿ. ಸುತ್ತುಸುತ್ತಾದ ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಿ ಗೇಣಿಗೊಂದು ಟೈ ಕಟ್ಟಿದರೆ ಸಾಕು. ಗುಂಡಿ ರಸ್ತೆಯಲ್ಲಿ ಕ್ಯಾಬಿನ್ನೂ ಬಾಡಿಯೂ ಬೇರೆ ಬೇರೆ ದಿಕ್ಕಿಗೆ ಅಲುಗುತ್ತವೆ. ಅವೆರಡರ ನಡುವೆ ವೈರ್ ಬಿಗಿಯಾಗಿ ಎಳೆದಿದ್ದರೆ ತುಂಡಾಗುತ್ತದೆ. ಅಲ್ಲೊಂದು ಸಡಿಲ ಸುತ್ತು ಬಿಡಿ. ಕ್ಯಾಬಿನ್ನಿನ ಕಬ್ಬಿಣದ ತೂತಿನಲ್ಲಿ ವೈರ್ ಹೋಗುವಲ್ಲಿ ರಬ್ಬರ್ ಬುಷ್ ಇರಲೇಬೇಕು.

ವಿಡಿಯೋ ಕೇಬಲ್ಲಿನ ಎರಡೂ ತುದಿಯಲ್ಲಿ, ಹಳದಿ ಪಿನ್ನಿನ ಪಕ್ಕ, ಒಂದು ಸಣ್ಣ ಕೆಂಪು ವೈರ್ ನೇತಾಡುತ್ತಿರಬಹುದು. ಬೇಡದ್ದು ಅಂತ ಕತ್ತರಿಸಿ ಬಿಸಾಕುವವರನ್ನು ನೋಡಿದ್ದೇನೆ. ಅದು ಸುದ್ದಿಯ ವೈರ್. ಹಿಂದಿನ ತುದಿಯನ್ನು ರಿವರ್ಸ್ ಲೈಟಿಗೆ, ಮುಂದಿನ ತುದಿಯನ್ನು ಸ್ಕ್ರೀನಿನ ರಿವರ್ಸ್ ವೈರಿಗೆ ಸೇರಿಸಿದರೆ, ಗೇರ್ ಬಿದ್ದ ಕೂಡಲೇ ಸ್ಕ್ರೀನ್ ತಾನಾಗೇ ಹೊತ್ತಿಕೊಳ್ಳುತ್ತದೆ. ಇದಕ್ಕಾಗಿ ಬೇರೆ ವೈರ್ ಎಳೆಯುವುದು ತಪ್ಪುತ್ತದೆ.

ಕ್ಯಾಮೆರಾ ಕೂರಿಸಲು ನಂಬರ್ ಪ್ಲೇಟಿನ ಮೇಲಿನ ಸ್ಕ್ರೂಗಳೇ ಒಳ್ಳೆಯ ಜಾಗ. ಹೊಸ ತೂತು ಬೇಡ. ತೆರೆದು ಮುಚ್ಚುವ ಡೋರಿನ ಮೇಲೆ ಹಾಕಿದರೆ ಪ್ರತಿ ಸಲ ವೈರ್ ಮಡಚುತ್ತದೆ, ಡೋರ್ ಇಳಿಬಿಟ್ಟಾಗ ಕ್ಯಾಮೆರಾ ನೆಲ ನೋಡುತ್ತದೆ.

ವೈರ್‌ಲೆಸ್ ಹಾಕಿದರೆ ಈ ರಗಳೆ ಇಲ್ಲ ಅಲ್ವಾ? ಪೂರ್ತಿ ಇಲ್ಲ ಅನ್ನುವಂತಿಲ್ಲ. ಚಿತ್ರ ಗಾಳಿಯಲ್ಲಿ ಹೋದರೂ ಕ್ಯಾಮೆರಾಗೆ ಕರೆಂಟು ವೈರಲ್ಲೇ ಬರಬೇಕು. ಇನ್ನೊಂದು, ತಡ. ವೈಫೈ ಮೂಲಕ ಮೊಬೈಲಿಗೆ ಚಿತ್ರ ಬರುವ ಅಗ್ಗದ ಕ್ಯಾಮೆರಾದಲ್ಲಿ ಅರ್ಧ ಸೆಕೆಂಡ್ ತಡವಾಯಿತು ಅಂದುಕೊಳ್ಳಿ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಗಾಡಿ 70 ಸೆಂಟಿಮೀಟರ್ ಹಿಂದೆ ಹೋಗಿರುತ್ತದೆ. ನಾವು ನೋಡುತ್ತಿರುವುದು ಆಗಲೇ ಕಳೆದುಹೋದ ಜಾಗ. ವೈರ್ ಎಳೆಯಲು ಸಾಧ್ಯವಿದ್ದರೆ ವೈರೇ ವಾಸಿ.

ಕನ್ನಡಿ ಚಿತ್ರ, ಬಣ್ಣದ ಗೆರೆ

ಆಂಬುಲೆನ್ಸಿನ ಮುಂದೆ ಹೆಸರನ್ನು ಉಲ್ಟಾ ಬರೆದಿರುತ್ತಾರೆ, ಮುಂದಿನ ಗಾಡಿಯ ಕನ್ನಡಿಯಲ್ಲಿ ಸರಿಯಾಗಿ ಕಾಣಲಿ ಅಂತ. ರಿವರ್ಸ್ ಕ್ಯಾಮೆರಾ ಇದೇ ಉಪಾಯವನ್ನು ತಿರುಗಿಸಿ ಮಾಡುತ್ತದೆ: ಚಿತ್ರವನ್ನು ಕನ್ನಡಿಯಂತೆ ಎಡಬಲ ಬದಲಿಸಿ ಕಳಿಸುತ್ತದೆ. ಯಾಕೆಂದರೆ ಮುಂದೆ ಮುಖ ಮಾಡಿ ಕೂತ ಡ್ರೈವರಿಗೆ ಬಲಗಡೆಯ ಕಂಬ ಬಲಗಡೆಯೇ ಕಾಣಬೇಕು. ಪರೀಕ್ಷೆ ಸುಲಭ. ಗಾಡಿಯ ಬಲಬದಿಯ ಹಿಂದೆ ಒಬ್ಬರು ನಿಲ್ಲಲಿ. ಸ್ಕ್ರೀನಲ್ಲಿ ಅವರು ಎಡಕ್ಕೆ ಕಂಡರೆ ಕ್ಯಾಮೆರಾ ಉಲ್ಟಾ ಇದೆ. ಕೆಲವು ಕ್ಯಾಮೆರಾಗಳ ಬಾಲದಲ್ಲಿ ಕತ್ತರಿಸಲೆಂದೇ ಒಂದೆರಡು ಸಣ್ಣ ವೈರ್ ಸುತ್ತುಗಳು ಇರುತ್ತವೆ. ಒಂದು ಚಿತ್ರ ತಿರುಗಿಸಲು, ಇನ್ನೊಂದು ಗೆರೆ ತೆಗೆಯಲು. ಯಾವ ಬಣ್ಣದ್ದು ಯಾವುದಕ್ಕೆ ಅಂತ ಜೊತೆಗಿರುವ ಚೀಟಿ ಓದದೆ ಕತ್ತರಿ ಹಾಕಬೇಡಿ.

ಕ್ಯಾಮೆರಾದ ಮೂತಿಯನ್ನು ಬಂಪರಿನ ಅಂಚು ಚಿತ್ರದ ಕೆಳಗೆ ಒಂದೇ ಒಂದು ಗೀಟಿನಷ್ಟು ಕಾಣುವಂತೆ ಬಾಗಿಸಿ. ಅಮೆರಿಕದ ನಿಯಮದಲ್ಲಿ ಗಾಡಿಯ ಹಿಂದೆ ಸುಮಾರು 3 ಮೀಟರ್ ಅಗಲ, 6 ಮೀಟರ್ ಉದ್ದದ ಜಾಗ ಕಾಣಬೇಕು ಅಂತಿದೆ, ರಿವರ್ಸ್ ಹಾಕಿದ ಎರಡು ಸೆಕೆಂಡಿನೊಳಗೆ ಚಿತ್ರ ಬರಬೇಕು. ನಮ್ಮ ಅಂಗಳದಲ್ಲೂ ಇದೇ ಅಳತೆ ಇಟ್ಟು ನೋಡಬಹುದು.

ಇನ್ನು ಸ್ಕ್ರೀನ್ ಮೇಲಿನ ಕೆಂಪು, ಹಳದಿ, ಹಸಿರು ಗೆರೆಗಳು. ಅವು ಕ್ಯಾಮೆರಾದ ಚಿಪ್ಪೇ ಬರೆಯುವ ಗೆರೆ. ಅದಕ್ಕೆ ನಿಮ್ಮ ಗಾಡಿಯ ಅಗಲವೂ ಗೊತ್ತಿಲ್ಲ, ಬಂಪರಿನ ಎತ್ತರವೂ ಗೊತ್ತಿಲ್ಲ. ನಾವು ಮಾಡಿದ್ದು ಹೀಗೆ: ಬಂಪರಿನಿಂದ ಅರ್ಧ, ಒಂದು, ಎರಡು ಮೀಟರ್ ದೂರಕ್ಕೆ, ಗಾಡಿಯ ಎರಡೂ ಅಂಚಿನ ನೇರಕ್ಕೆ, ಒಂದೊಂದು ಇಟ್ಟಿಗೆ ಇಟ್ಟೆವು. ಅರ್ಧ ಮೀಟರಿನ ಇಟ್ಟಿಗೆ ಹಳದಿ ಗೆರೆಯ ಮೇಲೆ ಕೂತಿತ್ತು, ಕೆಂಪಿನ ಮೇಲಲ್ಲ. ಗೆರೆ ನಂಬಿದ್ದರೆ ತೊಟ್ಟಿಯ ಇನ್ನೊಂದು ಮೂಲೆಯೂ ಹೋಗುತ್ತಿತ್ತು. ಗೆರೆ ಬರುವ ಸುತ್ತನ್ನು ಕತ್ತರಿಸಿ, ಇಟ್ಟಿಗೆ ಕಂಡ ಜಾಗಕ್ಕೆ ಸ್ಕ್ರೀನ್ ಮೇಲೆ ಸಣ್ಣ ಸ್ಟಿಕ್ಕರ್ ಅಂಟಿಸಿದೆವು.

ಸ್ಕ್ರೀನ್ ಎಲ್ಲಿಡುವುದು ಅನ್ನುವುದು ಹಳೇ ಗಾಡಿಯ ಪ್ರೀತಿ ಇರುವವರ ದೊಡ್ಡ ಪ್ರಶ್ನೆ. ಡ್ಯಾಶ್‌ಬೋರ್ಡ್ ಕೊರೆಯಲು ಮನಸ್ಸು ಬರುವುದಿಲ್ಲ, ಕೊರೆಯಲೂ ಬಾರದು. ಒಳಗಿನ ಕನ್ನಡಿಯ ಮೇಲೆ ರಬ್ಬರ್ ಪಟ್ಟಿಯಿಂದ ಸಿಕ್ಕಿಸುವ ಸ್ಕ್ರೀನ್ ಸಿಗುತ್ತದೆ. ಆಫ್ ಇದ್ದಾಗ ಅದು ಬರೀ ಕನ್ನಡಿ. ಹೇಗೂ ರಿವರ್ಸಿನಲ್ಲಿ ಕಣ್ಣು ಹೋಗುವುದು ಅಲ್ಲಿಗೇ.

ಸ್ಕ್ರೀನಲ್ಲಿ ಇಲ್ಲದ್ದು

ಮಳೆಗಾಲದಲ್ಲಿ ಲೆನ್ಸಿನ ಮೇಲೆ ಕೆಸರಿನ ಒಂದು ಚುಕ್ಕೆ ಬಿದ್ದರೂ ಅರ್ಧ ಅಂಗಳ ಮಾಯ. ಗಾಡಿ ಹತ್ತುವ ಮುಂಚೆ ಬೆರಳಲ್ಲಿ ಒಮ್ಮೆ ಒರೆಸುವುದು ಈಗ ಚಿಕ್ಕಪ್ಪನಿಗೆ ಅಭ್ಯಾಸವಾಗಿದೆ. ರಾತ್ರಿ ಕ್ಯಾಮೆರಾಗೆ ಬೆಳಕು ಕೊಡುವುದು ಮುಖ್ಯವಾಗಿ ರಿವರ್ಸ್ ಲೈಟೇ. ಅದರ ಗಾಜು ಹಳದಿಯಾಗಿದ್ದರೆ ಬದಲಿಸಿ.

ಇನ್ನೊಂದು ನಮಗೆ ತಡವಾಗಿ ಹೊಳೆಯಿತು. ನಂಬರ್ ಪ್ಲೇಟಿನ ಹತ್ತಿರ ಇರುವ ಕ್ಯಾಮೆರಾ ನೆಲ ನೋಡುತ್ತದೆ, ಮೇಲೆ ನೋಡುವುದಿಲ್ಲ. ಹೋದ ವಾರ ಹುಲ್ಲು ಎತ್ತರಕ್ಕೆ ಹೇರಿಕೊಂಡು ಬಂದಿದ್ದರು. ಸ್ಕ್ರೀನಲ್ಲಿ ದಾರಿ ಸಂಪೂರ್ಣ ಖಾಲಿ. ಕೊಟ್ಟಿಗೆಯ ಶೀಟಿನ ಅಂಚು ಮಾತ್ರ ಹುಲ್ಲಿಗೆ ಒಂದು ಮೊಳ ದೂರದಲ್ಲಿತ್ತು. ಅದೃಷ್ಟಕ್ಕೆ ಹಿಂದೆ ಹುಡುಗ ನಿಂತಿದ್ದ.

"ಹೋಲ್ಡಾನ್!"